ಒಂದಕ್ಕೆ ಹನ್ನೆರಡು

ಮೂವತ್ತೊಂದು ವರ್ಷ ರಾಸ್ತಾ ಪೇಠೆಯ ಮಹಡಿಯಲ್ಲಿ ಕೂತು
ಪುಣೆಯ ಬಾಯಿಗಳಿಗೆ ಹಲ್ಲು ಕಟ್ಟಿದೆ.
ಈಗ ಅದೇ ಮೇಜು, ಅದೇ ಮೇಣದ ಚಾಕು,
ಅದೇ ಪ್ಲಾಸ್ಟರಿನ ಡಬ್ಬಿ.
ಗೊಂಬೆಮನೆಗೆ ಗೋಡೆ ಮೆತ್ತುತ್ತೇನೆ.

ಅಳತೆ ಸುಲಭ: ಲೋಕದ ಒಂದಡಿ ನನಗೊಂದು ಇಂಚು.
ಮರಳಿಗೆ ಮಾತ್ರ ಈ ಲೆಕ್ಕ ತಿಳಿಯದು.
ಒಂದು ಕಣ ಉಳಿದರೂ ಸಾಕು,
ನಡುಮನೆಯ ಗೋಡೆಗೆ ಹುಣಸೆಬೀಜದಷ್ಟು ಗಂಟು.
ಜರಡಿ ಬಿಟ್ಟು ಹೆಂಡತಿಯ ಹಳೇ ವಾಯಿಲ್ ಸೀರೆಯಲ್ಲಿ ಸೋಸುತ್ತೇನೆ.
ನೀರಿಗೆ ಪುಡಿ, ಪುಡಿಗೆ ನೀರಲ್ಲ
(ಇದನ್ನು ಮೂವರು ಶಿಷ್ಯರಿಗೆ ಹೇಳಿ ಸೋತಿದ್ದೇನೆ).
ಮೊದಲ ಕೈ ಮಜ್ಜಿಗೆಯಷ್ಟು ತೆಳ್ಳಗೆ,
ಎರಡನೆಯದು ದೋಸೆಹಿಟ್ಟಿನ ಹದ,
ಆಮೇಲೆ ಸೊನ್ನೆ ನಂಬರಿನ ಉಜ್ಜುಕಾಗದ.
ಉಜ್ಜುವಾಗ ಉಸಿರು ಹಿಡಿಯಬೇಕು.

“ತೀರಾ ನೇರವಾಯಿತು” ಎಂದರು ಪೆರೀನ್‌ಬಾಯಿ,
ಕನ್ನಡಕ ಹಣೆಗೇರಿಸಿ, ಒಂದೇ ಕಣ್ಣಲ್ಲಿ ನೋಡಿ.
ಅವರ ಮೇಲ್ದವಡೆಯೂ ನನ್ನದೇ ಕೆಲಸ.
ಆಗಲೂ ಹೀಗೇ: ಇಷ್ಟು ನೆಟ್ಟಗಿನ ಹಲ್ಲು ಯಾರು ನಂಬುತ್ತಾರೆ,
ಒಂದನ್ನು ಚೂರು ತಿರುಗಿಸು.
ತಿರುಗಿಸಿದ್ದೆ. ಹದಿನಾರು ವರ್ಷದಿಂದ
ಆ ಒಂದು ಹಲ್ಲು ಉಳಿದವಕ್ಕೆಲ್ಲ ಸಾಕ್ಷಿ ಹೇಳುತ್ತಿದೆ.
ಈಗ ಸೂಜಿಮೊನೆಯಲ್ಲಿ ಕಿಟಕಿಯ ಮೂಲೆಯಿಂದೊಂದು ಬಿರುಕು ಎಳೆದೆ,
ಚಹಾದ ನೀರಲ್ಲಿ ಸೂರಿನ ಕೆಳಗೊಂದು ಸೋರಿದ ಕಲೆ.
“ಹಾಂ,” ಅಂದರು. “ಪಂಚಗಣಿ.”

ಏಳು ವರ್ಷದವರಿದ್ದಾಗ ಮಾರಿದ ಮನೆಯಂತೆ.
ಬಾಗಿಲು ಎಷ್ಟೋ, ಮೆಟ್ಟಿಲು ಎಡಕ್ಕೋ ಬಲಕ್ಕೋ, ನೆನಪಿಲ್ಲ.
ಅಗ್ಗಿಷ್ಟಿಕೆಯ ಇಟ್ಟಿಗೆ ಮಾತ್ರ ಲೆಕ್ಕವಿಟ್ಟಿದ್ದಾರೆ,
ಜ್ವರದಲ್ಲಿ ಮಲಗಿ ಎಣಿಸಿದ್ದು:
ಅಡ್ಡಸಾಲಿಗೆ ಹದಿನಾಲ್ಕು, ಕಮಾನಿಗೆ ಹನ್ನೊಂದು.

ನಾನು ಅಗ್ಗಿಷ್ಟಿಕೆ ಕಂಡವನಲ್ಲ.
ಗದಗಿನಲ್ಲಿ ನಮ್ಮದು ಒಲೆ, ಇಲ್ಲಿ ಸ್ಟವ್, ಆಮೇಲೆ ಗ್ಯಾಸು.
ಅನ್ನ ಬೇಯಿಸದ ಬೆಂಕಿಗೆ
ಗೋಡೆಯೊಳಗೊಂದು ಕೋಣೆಯೆ?
ಬಾಯಿ ಕಂಡವನು ನಾನು. ಗೋಡೆ ಆಕಳಿಸಿದರೆ ಹೀಗಿರಬಹುದು
ಅಂದುಕೊಂಡು ಕೈ ಹಚ್ಚಿದೆ.

ಮೊಟ್ಟೆಯ ಟ್ರೇ ಹರಿದು ಇಟ್ಟಿಗೆ ಕತ್ತರಿಸಿದೆ,
ಒಂದಕ್ಕಿದ್ದ ಕೆಂಪು ಇನ್ನೊಂದಕ್ಕಿಲ್ಲ.
ಸಂದಿಗೆ ಹಲ್ಲಿನ ಸಿಮೆಂಟು.
ಕಮಾನು ಪ್ರತಿಸಲವೂ ಒಸಡಿನ ಹಾಗೇ ಬಂತು,
ಕೈಗೆ ಹಳೆಯ ರೂಢಿ. ಮೂರು ಸಲ ಕಿತ್ತೆ.
ಗೋಂದಿನ ತೇವಕ್ಕೆ ಇಡೀ ಗೂಡೇ ಸೊಟ್ಟಗಾಯಿತು,
ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಹಿಡಿದೆ.

ಒಳಗಿನ ಮಸಿಗೆ ಬಣ್ಣ ಬಳಿದರೆ ಬಣ್ಣವೇ ಕಾಣುತ್ತದೆ.
ಹಣತೆಯ ಮೇಲೆ ತಟ್ಟೆ ಹಿಡಿದು ಕಾಡಿಗೆ ಇಳಿಸಿದೆ,
ಅವ್ವ ತಂಗಿಗೆ ಮಾಡುತ್ತಿದ್ದ ಹಾಗೆ.
ಕಿರುಬೆರಳಲ್ಲಿ ಕೆಳಗಿಂದ ಮೇಲಕ್ಕೆ ತೀಡಿದೆ,
ಹೊಗೆಯ ದಾರಿಯಲ್ಲಿ.
ಬೆಂಕಿಗೆ ದೀಪಾವಳಿ ಸರದ ಒಂದು ಬಲ್ಬು,
ಅದಕ್ಕೆ ಕಿತ್ತಳೆ ಮಿಠಾಯಿಯ ಕಾಗದ.
ಹತ್ತಿಸಿದಾಗ ಪೆರೀನ್‌ಬಾಯಿ ಏನೂ ಅನ್ನಲಿಲ್ಲ.
ಇಟ್ಟಿಗೆ ಎಣಿಸುತ್ತಿದ್ದರು.

ಆ ರಾತ್ರಿ ಒಂಬತ್ತು ಡಿಗ್ರಿ.
ರಟ್ಟಿನ ಚೂರು, ಸೊಟ್ಟಗೂಡು ಎಲ್ಲ ಚೀಲಕ್ಕೆ ತುಂಬಿ ಇಳಿದೆ.
ಗೇಟಿನಲ್ಲಿ ಕಾವಲಿನ ಸೋಪಾನ,
ಎಣ್ಣೆಡಬ್ಬಿ ಸೀಳಿದ ಶೆಗಡಿಯ ಮುಂದೆ ಕುಕ್ಕರಗಾಲಲ್ಲಿ.
ಗೂಡನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ.
“ಕಾಕಾ, ಹೇ ಕಾಯ್?”
ಬೆಂಕಿ ಇಡುವ ಜಾಗ ಅಂದೆ.
“ಮಗ್ ಠೀಕ್” ಎಂದು ಇಟ್ಟೇಬಿಟ್ಟ.

ಕಮಾನು ಮೊದಲು ಹತ್ತಿತು.
ಇಬ್ಬರೂ ಕೈ ಚಾಚಿದೆವು. ಒಂದು ನಿಮಿಷವೂ ಇರಲಿಲ್ಲ.

ಬೆಳಿಗ್ಗೆ ಬೂದಿಯಲ್ಲಿ ಸಿಮೆಂಟಿನ ಎಳೆಗಳಷ್ಟೇ ಬಿದ್ದಿದ್ದವು,
ಇಟ್ಟಿಗೆಗಳಿಲ್ಲದ ಸಂದಿಗಳು.
ಒಂದು ಸಂದಿ ಹೆಕ್ಕಿ ಜೇಬಿಗಿಟ್ಟೆ.
ಛಾವಣಿ ಇನ್ನೂ ಬಾಕಿ. ಹೊಗೆ ಎಲ್ಲಿಂದ ಹೋಗುತ್ತಿತ್ತು,
ಪೆರೀನ್‌ಬಾಯಿಯನ್ನು ಕೇಳಬೇಕು.