ನಲವತ್ತೊಂದನೇ ಗುಂಡಿ

ಕ್ಲೋವಿಸ್ ಹೇಳಿದ್ದು ಇಷ್ಟೇ:
"ಇನ್ನು ಮೇಲೆ ವೈರು ಬೇಡ."
ಏಡಿಯೂ ಅಲ್ಲದ ಸೀಗಡಿಯೂ ಅಲ್ಲದ
ಕ್ರಾಫಿಶ್ ಬೇಯಿಸಿದ ಹಂಡೆ ತಿಕ್ಕುತ್ತ ಹೇಳಿದ,
ನನ್ನ ಕಡೆ ನೋಡದೆ.

ಎಲ್ವೀನಾ ತಲೆಯಾಡಿಸಿದಳು. ಡ್ಯೂಯಿಗೂ ಒಪ್ಪಿಗೆ.
ಹನ್ನೊಂದು ವರ್ಷ ಹೊತ್ತು ತಿರುಗಿದ ಸ್ಪೀಕರು,
ಹೊಗೆ ಕಾರುವ ಯಂತ್ರ, ನೀಲಿ ದೀಪದ ಸರ
ಲೇಕ್ ಚಾರ್ಲ್ಸಿನ ಯಾವನೋ ಮದುವೆ ಗುತ್ತಿಗೆದಾರನ ಪಾಲು.
ಇನ್ನು ಕ್ಲೋವಿಸನ ಅಜ್ಜನ ಕಾಲದ ಹಾಗೆ
ಅಕಾರ್ಡಿಯನ್ನು, ಪಿಟೀಲು,
ಹುಲ್ಲು ಬಾಚುವ ಹಳೇ ಕುಂಟೆಯ ಹಲ್ಲು ಬಗ್ಗಿಸಿ ಮಾಡಿದ
ಕಬ್ಬಿಣದ ತ್ರಿಕೋನ.
ಬೇರಿಗೆ ಮರಳೋಣ ಎಂದರು.
ಆಗ ಕೊಂಬೆ ಏನು ಮಾಡಬೇಕು
ಎಂದು ಯಾರೂ ಹೇಳಲಿಲ್ಲ.

ನಾನು ಕೀಬೋರ್ಡಿನವನು.
ನನ್ನ ಪೆಟ್ಟಿಗೆಯಲ್ಲಿ ಆರುನೂರು ದನಿ.
ಹದಿನೇಳು ಒತ್ತಿದರೆ ಚರ್ಚಿನ ಆರ್ಗನ್,
ಇನ್ನೂರ ಮೂರು, ಚಪ್ಪಾಳೆ.
ಜನ ಬಾರದ ರಾತ್ರಿ ಅದನ್ನೂ ಒತ್ತಿದ್ದೇನೆ, ಸುಳ್ಳೇಕೆ.
ನಲವತ್ತೊಂದರಲ್ಲಿ ಪಿಟೀಲು.
ಎಲ್ವೀನಾ ಬಾಣಂತಿಯಾಗಿದ್ದ ಮೂರು ತಿಂಗಳು
ಆ ಗುಂಡಿಯೇ ಎಲ್ವೀನಾ.
ಕುಣಿಯುವವರಿಗೆ ತಿಳಿಯಲಿಲ್ಲ.
ಅವಳೊಬ್ಬಳು, ಮಗುವಿಗೆ ಹಾಲೂಡುತ್ತ ಫೋನಿನಲ್ಲಿ ಕೇಳಿ,
"ಇವಳು ಉಸಿರೇ ಎಳೆಯುವುದಿಲ್ಲವಲ್ಲೋ" ಅಂದಿದ್ದಳು.
ನಕ್ಕಿದ್ದೆ.

ಶನಿವಾರ ಹೋದೆ, ಬರಿಗೈಯಲ್ಲಿ.
ಎಲೆ ಎತ್ತಿದ ಮೇಲೆ ಬಂದ ಉಪ್ಪಿನಕಾಯಿಯ ಹಾಗೆ
ಬಾಗಿಲ ಬದಿಗೆ ನಿಂತೆ.
ಟೆಲೆಸ್ಫೋರನ ಹಳೇ ಅಕ್ಕಿ ಗೋದಾಮು, ಹಲಗೆ ನೆಲ,
ಹೊರಗೆ, ಕೊಯ್ದ ಗದ್ದೆಗೆ ಕಟ್ಟಿದ ನೀರಲ್ಲಿ
ಬಲೆಬುಟ್ಟಿಗಳ ಕೆಂಪು ಕತ್ತು.

ಮೊದಲ ಹಾಡಿಗೆ ಶ್ರುತಿ ಕೂಡಲಿಲ್ಲ.
(ಖುಷಿಯಾಯಿತು.)
ಎರಡನೆಯದು ಬೆನ್ನಟ್ಟಿದ ಕೋಳಿಯಂತೆ ಓಡಿತು.
"ಕೇಳಿಸ್ತಿಲ್ಲ!" ಹಿಂದಿನಿಂದ ಒಬ್ಬ ಕೂಗಿದ.
ಕ್ಲೋವಿಸ್ ತಲೆಯೆತ್ತಿ,
"ಹಾಗಾದರೆ ಹತ್ತಿರ ಬಾ."

ಬಂದರು.
ಕುರ್ಚಿ ಎಳೆದುಕೊಂಡು, ಕೂಸು ಕಂಕುಳಲ್ಲಿ ಅಮುಕಿಕೊಂಡು,
ಅರ್ಧ ಬಿಯರು, ಅರ್ಧ ಮಾತು ಅಲ್ಲಲ್ಲೇ ಬಿಟ್ಟು.
ನಾನೂ ಬಂದೆ, ತಳ್ಳಿಸಿಕೊಂಡು.

ಮೂರನೆಯದು ವಾಲ್ಟ್ಸ್.
ಕಮಾನು ತಂತಿಗೆ ತಾಕುವ ಮೊದಲು
ಎಲ್ವೀನಾ ಉಸಿರೆಳೆದುಕೊಂಡಳು.
ಸಣ್ಣ ಸದ್ದು, ಬಿಸಿ ಚಹಾಕ್ಕೆ ತುಟಿಯೊಡ್ಡುವ ಮುಂಚಿನದು.
ಹನ್ನೊಂದು ವರ್ಷ ಅವಳಿಂದ ಎರಡು ಮೊಳ ದೂರದಲ್ಲಿ ನಿಂತಿದ್ದವನು
ಅದನ್ನು ಈಗ ಕೇಳಿದೆ.
ಆಮೇಲೆ ತಿದಿಯ ಕೀಲು ಕಿರುಗುಟ್ಟಿದ್ದು,
ಡ್ಯೂಯಿಯ ಬೆರಳು ತ್ರಿಕೋನದ ಬಾಯಿ ಮುಚ್ಚಿ ಬಿಟ್ಟದ್ದು,
ಮುಚ್ಚಿ ಬಿಟ್ಟದ್ದು,
ನೆಲದ ಹಲಗೆ.

ವಾದ್ಯದವನು ಕುಣಿಯುವುದಿಲ್ಲ. ಪುರುಸೊತ್ತೆಲ್ಲಿ?
ಒಬ್ಬ ಮುದುಕಿ, ಮದಾಮ್ ಒಡೆಯೀಲ್,
ಕೇಳದೆ ಮಾಡದೆ ನನ್ನ ತೋಳು ಹಿಡಿದಳು.
ಒಂದು ಸುತ್ತಿಗೇ ಅವಳ ಕಾಲು ತುಳಿದೆ,
ಎರಡನೆಯ ಸುತ್ತಿಗೆ ಇನ್ನೊಂದನ್ನೂ.
"ಯಾರ ಮಗನಪ್ಪಾ ನೀನು?" ಕಣ್ಣು ಕಿರಿದಾಗಿಸಿ ಕೇಳಿದಳು,
"ಈ ಕಡೆ ನೋಡಿದ ನೆನಪೇ ಇಲ್ಲ."

ಪ್ರತಿ ಶನಿವಾರ ಅವಳು ಕೂರುತ್ತಿದ್ದುದು ಮುಂದಿನ ಸಾಲಿನಲ್ಲಿ.
ನನಗೆ ಗೊತ್ತು.
"ಆಗೆಲ್ಲ ಇಲ್ಲಿ," ಅಂದೆ,
"ಬಹಳ ಹೊಗೆ ಇರುತ್ತಿತ್ತು."