ಎಲ್ಲಕ್ಕೂ ಕೆಳಗಿನ ಗೀಟು

ಹಲ್ ಊರೆಂದರೆ ಒಂದು ಊಟದ ತಟ್ಟೆ:
ಅಂಚಿಗೆ ಹಂಬರ್ ನದಿ, ತಗ್ಗಿಗೆ ನಾವು.
ಬಿದ್ದ ಮಳೆ ತಾನಾಗಿ ಹೊರಗೆ ಹೋಗದು,
ಪಂಪು ಎತ್ತಿ ಸುರಿಯಬೇಕು.
ಆ ಜೂನ್‌ನಲ್ಲಿ ಪಂಪಿಗೂ ಸಾಕಾಗಿತ್ತು.

ನಕ್ಷೆ ಹಿಡಿದು ನಾನು ಬಾಗಿಲು ತಟ್ಟಿದರೆ
ಏಳನೇ ನಂಬರಿನ ವಿನಿಫ್ರೆಡ್ ಸ್ಟ್ಯಾದರ್ಸ್
ಟೀ ಕೊಡಲಿಲ್ಲ, ಅಡುಗೆಮನೆಯ ಚೌಕಟ್ಟು ತೋರಿಸಿದಳು.
ಇನ್ಶೂರೆನ್ಸಿನವರು ನೆಲ, ಗೋಡೆ ಎಲ್ಲ ಕಿತ್ತರಂತೆ,
ಇದೊಂದನ್ನು ಮುಟ್ಟಗೊಡಲಿಲ್ಲವಂತೆ:
ಪೆನ್ಸಿಲಿನ ಗೀಟುಗಳು, ಪಕ್ಕದಲ್ಲಿ ತಾರೀಖು,
ಕೀತ್ ಐದು ವರ್ಷ, ಕೀತ್ ಮೂರು, ಐಲೀನ್ ಎರಡು.
ಎಲ್ಲಕ್ಕೂ ಕೆಳಗೆ, ಅಂಬೆಗಾಲಿಡುವ ಕೂಸಿನೆತ್ತರಕ್ಕೆ
ಹೆಸರಿಲ್ಲದ ಒಂದು ಕಂದು ಗೀಟು.
"ಇದು ಒಂದೇ ರಾತ್ರೀಲಿ ಇಷ್ಟು ಬೆಳೀತು.
ಹೊಳೆಯಿಂದ ಬಂತು ಅಂದ್ಕೊಂಡ್ಯಾ?
ನಮ್ಮದೇ ಬಚ್ಚಲಿಂದ."

ನಾನು ಹೇಳಿದೆ: ಡಾಂಬರು ಅಗೆಯುತ್ತೇವೆ,
ಎರಡು ಕಾರಿನ ಜಾಗದಲ್ಲಿ ಒಂದು ತಗ್ಗು,
ತಗ್ಗಿನೊಳಗೆ ಜಲ್ಲಿ, ಮರಳು, ಮೇಲೆ ಜೊಂಡು.
ಸೂರಿನ ನೀರು ಮೋರಿಗೆ ಓಡುವ ಮುಂಚೆ
ಇಲ್ಲಿ ಕೂತು ದಣಿವಾರಿಸಿಕೊಳ್ಳುತ್ತದೆ.

"ಗುಂಡಿ," ಅಂದಳು.
"ಮುಳುಗಿದ ಬೀದಿಗೆ ಕೌನ್ಸಿಲ್ಲಿನ ಉಡುಗೊರೆ, ಗುಂಡಿ.
ನನ್ನ ಕಾರು ಎಲ್ಲಿ ನಿಲ್ಲಲಿ?"
ಕಾರಿಗೆ ನನ್ನಲ್ಲಿ ಉತ್ತರವಿರಲಿಲ್ಲ.
ಬರೆದುಕೊಂಡೆ.

ಝ್ಬಿಗ್ನೆವ್ ಯಂತ್ರದಲ್ಲಿ ಕೂತು ಡಾಂಬರು ಸುಲಿದ,
ಹಳೇ ಗಾಯದ ಹಕ್ಕಳೆ ಎಬ್ಬಿಸುವ ಹಾಗೆ, ಮೆಲ್ಲಗೆ.
ಕೆಳಗೆ ಜೇಡಿ, ಅವನಜ್ಜನ ಕಾಲದಿಂದ ಬಿಸಿಲು ಕಾಣದ್ದು.
ಇಳಿದು, ಹಿಡಿಯಷ್ಟು ಎತ್ತಿ ಮೂಸಿ ನೋಡಿದ.
ಈ ಜೇಡಿಗೆ ಕುಡಿಯುವ ಆತುರವಿಲ್ಲ, ಅಂದೆ.
ಆತುರವೇ ಬೇಡ ಅಂತ ತಾನೇ ನಾವು ಬಂದಿರೋದು, ಅಂದ.

ಅಕ್ಟೋಬರಿನ ಒಂದು ಸಂಜೆ ಮಳೆ ದಬದಬ ಹೊಯ್ದಾಗ
ಬೂಟು ಮೆಟ್ಟಿ ಹೊರಟೆ, ನನ್ನ ಲೆಕ್ಕ ಸರಿಯೋ ತಪ್ಪೋ ಎಂದು.
ಬೀದಿದೀಪದ ಕೆಳಗೆ, ಕೊಡೆಯನ್ನು ಕತ್ತಿಗೆ ಸಿಕ್ಕಿಸಿ,
ಅಂಚುಗಲ್ಲಿನ ಕಿಂಡಿಗೆ ಬಗ್ಗಿದ್ದಳು ವಿನಿಫ್ರೆಡ್,
ಕೈಯಲ್ಲಿ ಸೂಪಿನ ಸೌಟು.
ಕೊಳೆತ ಎಲೆ, ಚಿಪ್ಸಿನ ಪೊಟ್ಟಣ, ಯಾವುದೋ ಮಗುವಿನ ಕೈಗವಸು,
ಮೊಗೆಮೊಗೆದು ಬದಿಗೆ ಹಾಕುತ್ತಿದ್ದಳು.
ತಗ್ಗಿನಲ್ಲಿ ನೀರು ಜೊಂಡಿನ ಮಂಡಿಯವರೆಗೆ,
ಸದ್ದಿಲ್ಲ.

ನನ್ನತ್ತ ತಿರುಗದೆಯೇ ಕೇಳಿದಳು:
"ಇದಕ್ಕೆ ಮೂಗು ಕಟ್ಟಿತ್ತು.
ನಿನ್ನ ನಕ್ಷೇಲಿ ಎಲೆ ಉದುರೋದೇ ಇಲ್ವಾ?"