ಕೆಳಗಿನ ಎಡಮೂಲೆ

ನಿಂಬರ್ಗಾದಿಂದ ಜಗದೇವಿಯ ಫೋನು:
"ರುಕ್ನುದ್ದೀನ್ ಸರ, ನಿಮ್ಮ ಹಾಳ್ಯಾಗ
ಕೆಳಗ ಎಡಮೂಲ್ಯಾಗ ಗುಂಡಿ ಅದ ಅಂತ ಬರದೀರಿ.
ಮುಂಜಾನಿಂದ ನೋಡ್ಲತ್ತೀನಿ,
ಅಲ್ಲಿ ಏನೂ ಇಲ್ರಿ."

ಇಲ್ಲ. ಹೋದ ತಿಂಗಳು ಹೊಸ ಆವೃತ್ತಿ ಬಂತು.
ಗುಂಡಿ ಮೇಲಕ್ಕೆ ಹೋಗಿ ನಟ್ಟನಡುವೆ ಕೂತಿದೆ,
ಮೊದಲು ಮೂರು ಗೆರೆ ಇತ್ತು, ಈಗ ಒಂಬತ್ತು ಚುಕ್ಕಿ.
ಪಂಚಾಯಿತಿ ಗ್ರಂಥಾಲಯದ ಆ ಒಂದೇ ಕಂಪ್ಯೂಟರಿಗೆ
ಹೊಸದನ್ನು ಹಾಕಿ ಬಂದವನು ನಾನೇ,
ಗೋಡೆಗೆ ಅಂಟಿಸಿದ್ದ ಹಾಳೆಯ ಕಡೆ ನೋಡಲಿಲ್ಲ.
ಪುಕ್ಕಟೆ ಸಿಸ್ಟಮ್ಮು, ಪುಕ್ಕಟೆ ಕೈಪಿಡಿ,
ಪುಕ್ಕಟೆ ನಾನು.

ರಾತ್ರಿ ಉಂಡು, ಶಹಾಬಾದ್ ಕಲ್ಲಿನ ನೆಲಕ್ಕೆ
ಬರಿಮೈಯಲ್ಲಿ ಬೋರಲು ಮಲಗಿ ಲ್ಯಾಪ್‌ಟಾಪ್ ತೆರೆಯುತ್ತೇನೆ.
ಮೇ ತಿಂಗಳ ಕಲಬುರಗಿ. ಹನ್ನೊಂದರ ತನಕ
ಕಲ್ಲಿಗೂ ಜ್ವರ.

ನಮ್ಮೂರಲ್ಲಿ ದಾರಿ ಹೇಳುವುದೇ ಹೀಗೆ:
"ಹಳೆ ಟಾಕೀಸ್ ಕಡಿ ಇಳೀರಿ, ಬೇವಿನ ಗಿಡದ ಹತ್ರ ಹೊಳ್ಳರಿ."
ಟಾಕೀಸು ಕೆಡವಿ ಮೊಬೈಲ್ ಅಂಗಡಿ ಬಂದು ಹದಿನಾರು ವರ್ಷ,
ಬೇವಿನ ಬೇರು ರಸ್ತೆಯ ಡಾಂಬರಿನ ಕೆಳಗೆ.
ಆದರೂ ಬಂದವರು ಮನೆ ಮುಟ್ಟುತ್ತಾರೆ,
ಇಲ್ಲದ ಗಿಡ ಎಲ್ಲಿದೆ ಅಂತ ಆಟೋದವನಿಗೆ ಗೊತ್ತು.
ಊರ ಹೆಸರು ಬದಲಾದಾಗ ಬೋರ್ಡುಗಳು ಬೇಗ ಕಲಿತವು,
ಅಮ್ಮಿ ಇನ್ನೂ ಗುಲ್ಬರ್ಗಕ್ಕೇ ಟಿಕೆಟ್ ಕೇಳುತ್ತಾಳೆ,
ಕಂಡಕ್ಟರ್ ಹರಿದು ಕೊಡುತ್ತಾನೆ.
ಕಂಪ್ಯೂಟರ್ ಅಂಥ ಕಂಡಕ್ಟರ್ ಅಲ್ಲ.
ಇಲ್ಲದ ಗುಂಡಿಯನ್ನು ಎಷ್ಟು ಒತ್ತಿದರೂ
ಅದು ಮುಖ ನೋಡುತ್ತ ಕೂತಿರುತ್ತದೆ,
ಒತ್ತಿದವಳು ತನ್ನದೇ ತಪ್ಪು ಅಂದುಕೊಳ್ಳುತ್ತಾಳೆ.

ಒಂದನೆಯ ಸಾಲು ತಿದ್ದಿದೆ. ಎರಡು, ಮೂರು ಅಳಿಸಿದೆ.
'ಸಂಯೋಜನೆಗಳು' ಅಂತಿದ್ದದ್ದನ್ನು 'ಸೆಟ್ಟಿಂಗ್' ಮಾಡಿದೆ,
ಬಾಯಲ್ಲಿ ಇಲ್ಲದ ಮಾತು ಪರದೆಯ ಮೇಲೆ ಯಾಕೆ.
'ಕಡತ'ವನ್ನು ಮುಟ್ಟಲಿಲ್ಲ: ತಹಸೀಲ್ ಕಚೇರಿ ಕಂಡವರಿಗೆಲ್ಲ
ಕಡತ ಎಂದರೇನು ಗೊತ್ತು,
ಅದು ಕಳೆದುಹೋಗುತ್ತದೆ ಎನ್ನುವುದೂ.
'ಎಳೆದು ಬಿಡಿ' ಹತ್ತಿರ ಕಾಲು ಗಂಟೆ ನಿಂತೆ.
ಎಳೆಯುವುದು ಸರಿ. ಬಿಡುವುದು ಎಲ್ಲಿ, ಯಾವಾಗ,
ಒಂದು ಬೆರಳು ಮೇಲೇಳುವುದಕ್ಕೆ
ಯಾವ ಕ್ರಿಯಾಪದ ಸಾಕು?

ಹಳೆಯ ಚಿತ್ರದ ಮೂಲೆಯಲ್ಲಿ ಗಡಿಯಾರ: ಮೂರು ನಲವತ್ತು.
ಪರದೆಯ ಮೇಲೊಂದು ಫೋಲ್ಡರ್, 'ತೊಗರಿ ರೇಟು'.
ಚಂದ್ರಶಾ ಬರೆದ ಪುಟ ಇದು. ಆಳಂದದ ಕಚೇರಿ ಮುಂದೆ
ಅರ್ಜಿ ಟೈಪ್ ಮಾಡುತ್ತಿದ್ದನಂತೆ,
ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೂತು
ನಲವತ್ತು ಪುಟ ಕನ್ನಡಕ್ಕೆ ತಂದ.
ನಾನವನನ್ನು ಕಂಡಿಲ್ಲ; ಬದಲಾವಣೆಗಳ ಪಟ್ಟಿಯಲ್ಲಿ ಹೆಸರು, ಹೆಸರು, ಹೆಸರು,
ಆಮೇಲೆ ಒಂದು ದಿನದಿಂದ ಇಲ್ಲ.

ಆರನೆಯ ಸಾಲು ಅವನದು:
'ತಪ್ಪು ಒತ್ತಿದರೂ ಏನೂ ಕೆಡುವುದಿಲ್ಲ. ಹೆದರಬೇಡಿ.'
ಮೂಲದಲ್ಲಿ ಈ ಮಾತೇ ಇಲ್ಲ.
ಮೂಲದಲ್ಲಿ ಇಲ್ಲದ್ದು ಇಲ್ಲಿಯೂ ಇರಕೂಡದು ಎಂಬುದು ನಿಯಮ,
ಆ ನಿಯಮ ಬರೆದವನೂ ನಾನೇ.
ಸಾಲನ್ನು ಹಿಡಿದೆ. ನೀಲಿಯಾಯಿತು.

ಅಷ್ಟರಲ್ಲಿ ಜಗದೇವಿ ಕಳಿಸಿದ ಫೋಟೊ: ಗೋಡೆಯ ಹಾಳೆ.
ಬಿಸಿಲಿಗೆ ಹಳದಿ ತಿರುಗಿದೆ, ಟೇಪಿಗೆ ನೊಣವೊಂದು ಅಂಟಿದೆ,
ಮೊದಲ ಐದು ಸಾಲಿಗೆ ಇವತ್ತೇ ಹೊಡೆದ ಕಾಟು,
ಆರನೆಯದರ ಕೆಳಗೆ ಎಂದೋ ಎಳೆದ ಕೆಂಪು ಗೆರೆ,
ಒಂದರ ಮೇಲೊಂದು.
"ಹುಡುಗೂರು ಇದನ್ನ ಓದೇ ಮೌಸ್ ಮುಟ್ಟತಾರ ಸರ.
ನಾನೂ ಹಂಗೇ ಮುಟ್ಟಿದ್ದ.
ಉಳಿದದ್ದು ಏನರ ಮಾಡ್ಕೋರಿ."

ಹನ್ನೆರಡಕ್ಕೆ ಎಂಟು ನಿಮಿಷ. ಹೊಸ ಚಿತ್ರ ತೆಗೆದೆ,
ಗಡಿಯಾರ ಮುಚ್ಚಬೇಕಿತ್ತು, ಮುಚ್ಚಲಿಲ್ಲ.
ಉಳಿಸುವ ಮುಂಚೆ ಅದು ಕೇಳುತ್ತದೆ: ಏನು ಬದಲಾಯಿತು?

ಬರೆದೆ:
ಗುಂಡಿ ಮೇಲಕ್ಕೆ ಹೋಯಿತು.
'ಹೆದರಬೇಡಿ' ಅಲ್ಲೇ ಇದೆ.